ಲುಸಾಕಾದ ಬೆಂಚಿನಲ್ಲಿ ನಾವಿಬ್ಬರು

ಪಾಂಡವಪುರ, ಹೊರಡುವ ಮುನ್ನ

ಜಾಂಬಿಯಾ ದೇಶಕ್ಕೆ ಹೋಗುವುದು ಗಟ್ಟಿಯಾದ ಮೇಲೆ ನಾನು ಮಾಡಿದ ಮೊದಲ ಕೆಲಸ ಪಾಂಡವಪುರದ ಟೈಲರ್ ಹತ್ತಿರ ಚೂಡಿದಾರ್ ಹೊಲಿಸಿಕೊಂಡದ್ದು. ಮದುವೆಯಾದಾಗಿನಿಂದ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಆದರೆ ಸೀರೆ ಉಟ್ಟು ವಿಮಾನದಲ್ಲಿ ಕುಳಿತರೆ ಹಳ್ಳಿಯವಳು ಎಂದುಕೊಂಡಾರು ಎಂಬ ಅಂಜಿಕೆ. ಹೊಸ ಬಟ್ಟೆ ತೊಟ್ಟು ಕನ್ನಡಿಯ ಮುಂದೆ ನಿಂತಾಗ ಕಂಡವಳೂ ಹಳ್ಳಿಯವಳೇ, ಚೂಡಿದಾರ್ ತೊಟ್ಟಿದ್ದಳು ಅಷ್ಟೆ. ಪ್ಯಾಂಟಿನ ಲಾಡಿಯನ್ನು ಟೈಲರ್ ಎಷ್ಟು ಉದ್ದ ಬಿಟ್ಟಿದ್ದನೆಂದರೆ ಅದರಲ್ಲಿ ಒಂದು ಕರುವನ್ನು ಕಟ್ಟಿ ಮೇಯಲು ಬಿಡಬಹುದಿತ್ತು.

ಯಾಕೆ ಹೋದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಎಚ್‌ಐವಿ ಇದೆ. ಶ್ರೀರಂಗಪಟ್ಟಣದಲ್ಲಿ ಮರಗೆಲಸ ಮಾಡಿಕೊಂಡಿದ್ದ ನನ್ನ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಮಾತ್ರೆ ನುಂಗಿಕೊಂಡು ನಾನು ಗಟ್ಟಿಮುಟ್ಟಾಗಿದ್ದೇನೆ. ನನ್ನಂಥ ಹೆಂಗಸರ ಸಂಘವೊಂದರಲ್ಲಿ ಕೆಲಸ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಬಸ್ಸುಗಳ ಕಂಡಕ್ಟರುಗಳಿಗೆಲ್ಲ ನನ್ನ ಮುಖ ಗೊತ್ತು. ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಸ್ಸು ಕಾರಣ. ಅದು ಗಂಡು ಹೆಣ್ಣು ಕೂಡುವುದರಿಂದ ಬರುತ್ತದೆ. ಬಹಳಷ್ಟು ಹೆಂಗಸರಲ್ಲಿ ಬಂದ ಹಾಗೇ ಸದ್ದಿಲ್ಲದೆ ಹೋಗುತ್ತದೆ. ಎಚ್‌ಐವಿ ಇರುವವರ ಮೈಯಲ್ಲಿ ಮಾತ್ರ ಹೋಗಲು ಮನಸ್ಸಿಲ್ಲದೆ ಕುಳಿತುಬಿಡುವುದು ಹೆಚ್ಚು. ಇಷ್ಟನ್ನು ನಾನು ಊರೂರಿನಲ್ಲಿ ಹೇಳಿ ಹೇಳಿ, ಈಗ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಂದೇ ಉಸಿರಿನಲ್ಲಿ ಒಪ್ಪಿಸುತ್ತೇನೆ.

ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ ಒಂದು ಆಸ್ಪತ್ರೆ ಇದೆ, ಅಲ್ಲಿ ಹೆಂಗಸರು ಈ ಪರೀಕ್ಷೆಗೆ ಬೇಕಾದ ಮಾದರಿಯನ್ನು ತಾವೇ ತೆಗೆದುಕೊಡುತ್ತಾರೆ, ಎಚ್‌ಐವಿ ಇರುವವರೂ ಇಲ್ಲದವರೂ ಒಂದೇ ಕಡೆ ತೋರಿಸಿಕೊಳ್ಳುತ್ತಾರೆ, ಇಬ್ಬರು ಹೋಗಿ ನೋಡಿ ಬನ್ನಿ ಎಂದು ಸಂಘಕ್ಕೆ ನೆರವು ಕೊಡುವವರು ಹೇಳಿದರು. ಇರುವವರ ಕಡೆಯಿಂದ ನನ್ನನ್ನು ಆರಿಸಿದರು. ಪಿಯುಸಿ ಪಾಸಾಗಿದ್ದೇನೆ, ಮುರುಕು ಇಂಗ್ಲಿಷ್ ಬರುತ್ತದೆ ಎಂಬ ಕಾರಣಕ್ಕೆ ದುಭಾಷಿಯ ಕೆಲಸವೂ ನನ್ನ ತಲೆಗೇ ಬಿತ್ತು. ಇಲ್ಲದವರ ಕಡೆಯಿಂದ ಕೆ.ಆರ್. ಪೇಟೆ ತಾಲ್ಲೂಕು ಶೀಳನೆರೆಯ ಆಶಾ ಕಾರ್ಯಕರ್ತೆ ಚಿಕ್ಕತಾಯಮ್ಮನನ್ನು ಆರಿಸಿದರು. ನನಗಿಂತ ಸ್ವಲ್ಪ ಚಿಕ್ಕವಳು. ಒಕ್ಕಲುತನದ ಮನೆಯ ಸೊಸೆ, ಗಂಡ ನಂಜೇಗೌಡರಿಗೆ ಕಬ್ಬಿನ ಗದ್ದೆ ಮತ್ತು ಒಂದು ಟ್ರಾಕ್ಟರು. ಬಾಯಿ ಜೋರು, ಕೈ ಮೆತ್ತಗೆ ಎಂದು ಬಾಣಂತಿಯರು ಹೇಳುತ್ತಾರೆ.

ಹೊರಡುವ ದಿನ ಅವಳು ಬಂದದ್ದು ದಿನಾ ಉಡುವಂಥ ಹತ್ತಿ ಸೀರೆಯಲ್ಲಿ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ ವಿಶಾಲಕ್ಕ, ಕಾಲೇಜಿಗೆ ಸೇರಕ್ಕೆ ಒಂಟಂಗೈತೆ?"

"ವಿಮಾನಕ್ಕೆ ಇದೇ ಅನುಕೂಲ ಕಣೆ."

"ಆಯ್ತು ಬುಡು. ಲಾಡಿ ಮಾತ್ರ ಗಟ್ಟಿಯಾಗ್ ಕಟ್ಕೊ. ಆಕಾಸ್ದಲ್ಲಿ ಬಿಚ್ಚೋದ್ರೆ ಇಡ್ಕಳಕ್ಕೆ ಯಾರೂ ಇರಲ್ಲ."

ಲುಸಾಕಾ, ಮೊದಲ ದಿನ

ಆಸ್ಪತ್ರೆಯ ಅಂಗಳದಲ್ಲಿ ನಮ್ಮನ್ನು ಕಂಡೊಡನೆ ನಾಲ್ಕಾರು ಹೆಂಗಸರು ಮಂಡಿ ಬಗ್ಗಿಸಿ, ಅಂಗೈ ಗುಳಿ ಮಾಡಿ, ಮೆಲ್ಲಗೆ ಚಪ್ಪಾಳೆ ತಟ್ಟಿದರು. ಅಷ್ಟು ದೂರದಿಂದ ಬಂದದ್ದಕ್ಕೆ ಸನ್ಮಾನ ಎಂದುಕೊಂಡು ನಾನು ಎರಡು ಕೈ ಎತ್ತಿ ಮುಗಿದು, ಎಡಕ್ಕೂ ಬಲಕ್ಕೂ ತಿರುಗಿ, ಚುನಾವಣೆ ಗೆದ್ದವರ ಹಾಗೆ "ಥ್ಯಾಂಕ್ಯೂ, ಥ್ಯಾಂಕ್ಯೂ" ಎಂದೆ. ಅಷ್ಟರಲ್ಲಿ ಹಾಲಿನ ಕ್ಯಾನು ಹಿಡಿದ ಮುದುಕನೊಬ್ಬ ಗೇಟಿನಲ್ಲಿ ಬಂದ. ಅವನಿಗೂ ಅದೇ ಮಂಡಿ, ಅದೇ ಚಪ್ಪಾಳೆ. ಹಿರಿಯರು ಯಾರೇ ಬಂದರೂ ಅಲ್ಲಿ ಹೀಗೆಯೇ ಮಾತಾಡಿಸುವುದಂತೆ. ನಾನು ಎತ್ತಿದ ಕೈಯನ್ನು ಎಲ್ಲಿಡುವುದು ಗೊತ್ತಾಗದೆ ಕೂದಲು ಸರಿಮಾಡಿಕೊಂಡೆ.

ನಮ್ಮನ್ನು ನೋಡಿಕೊಳ್ಳಲು ನೇಮಕವಾಗಿದ್ದವರು ರೂತ್ ಎಂಬ ಹೆಂಗಸು. ಐವತ್ತು ದಾಟಿದ ವಯಸ್ಸು, ಭಾರಿ ಮೈಕಟ್ಟು, ನಕ್ಕರೆ ಕುರ್ಚಿಯೂ ನಗುತ್ತಿತ್ತು. ಅವರಿಗೂ ಎಚ್‌ಐವಿ. ನನ್ನ ಹಾಗೆಯೇ ಊರೂರು ಸುತ್ತಿ ಹೆಂಗಸರನ್ನು ಕರೆತರುವ ಕೆಲಸ. ಎಲ್ಲರೂ ಅವರನ್ನು "ಅಮಾಯಿ" ಎನ್ನುತ್ತಿದ್ದರು. ಅಲ್ಲಿನ ಮಾತಿನಲ್ಲಿ ಹಾಗೆಂದರೆ ಅಮ್ಮ. "ಇಷ್ಟ್ ದೂರ ಬಂದ್ರೂ ಅಮ್ಮ ಅಮ್ಮನೇ" ಎಂದು ಚಿಕ್ಕತಾಯಮ್ಮ ಆ ಕ್ಷಣದಿಂದಲೇ ಅವರನ್ನು ಅಮಾಯಿ ಎಂದು ಕರೆಯತೊಡಗಿದಳು. ನಾನು "ಮೇಡಂ" ಎನ್ನುತ್ತಿದ್ದೆ. ಕೊನೆಯ ದಿನದವರೆಗೂ ಅವರು ಆ ಮಾತಿಗೆ ಒಂದು ಸಲವೂ ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಊಟಕ್ಕೆ ಬೆಳ್ಳಗಿನ ಮುದ್ದೆ ಬಂತು. ಜೋಳದ ಹಿಟ್ಟಿನದು, ಮುಸುಕಿನ ಜೋಳ. ಜೊತೆಗೆ ಸೊಪ್ಪಿನ ಪಲ್ಯ, ಕಾಳಿನ ಗೊಜ್ಜು. ಅವರು ಚೂರು ಮುರಿದು, ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಗೊಜ್ಜು ತುಂಬಿ ಅಗಿಯುತ್ತಾರೆ. ಚಿಕ್ಕತಾಯಮ್ಮ ಮುರಿದಳು, ಅದ್ದಿದಳು, ನುಂಗಿದಳು. ಮತ್ತೆ ಮುರಿದಳು, ನುಂಗಿದಳು. ರೂತ್ ತಾವು ಅಗಿಯುವುದನ್ನು ನಿಲ್ಲಿಸಿ ನೋಡಿದರು. ಆಮೇಲೆ ನನ್ನ ಕಿವಿಯಲ್ಲಿ, ಪಾಪ, ನಿಮ್ಮ ಗೆಳತಿಗೆ ಹಲ್ಲು ನೋವೇ, ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಅದನ್ನು ಕನ್ನಡಕ್ಕೆ ತಂದೆ.

"ಮುದ್ದೇನ ಯಾರಾದ್ರೂ ಅಗೀತಾರೇನಕ್ಕ? ಅಗದ್ರೆ ಅದು ಮುದ್ದೆನಾ? ಅಂಗಂತ ಏಳು ಅಮಾಯಿಗೆ."

ಇದು ನಮ್ಮ ಜಿಲ್ಲೆಯ ಮರ್ಯಾದೆಯ ಪ್ರಶ್ನೆ ಎಂದು ಅವರಿಗೆ ವಿವರಿಸಲು ನನ್ನ ಇಂಗ್ಲಿಷ್ ಸಾಲಲಿಲ್ಲ. "ನೋ ಟೀತ್ ಪ್ರಾಬ್ಲಂ. ಕಲ್ಚರ್" ಎಂದೆ.

ವಸತಿಗೃಹದಲ್ಲಿ ಇಬ್ಬರಿಗೂ ಒಂದೇ ಕೋಣೆ. ಚಿಕ್ಕತಾಯಮ್ಮ ಟವೆಲ್ ತರಲು ಮರೆತಿದ್ದಳು. ಕೇಳಿದರೆ ಅವರು ಬೇರೆ ಕೊಡುತ್ತಿದ್ದರು. ಅವಳು ನನ್ನದನ್ನೇ ಎಳೆದುಕೊಂಡು ಮುಖ ಒರೆಸಿಕೊಂಡಳು. "ನೋಡಕ್ಕ, ನಿನ್ ಟವೆಲ್ಲು, ನಿನ್ ಸೋಪು. ನಂಗೇನ್ ಅಂಜ್ಕೆ ಇಲ್ಲ" ಎಂದಳು. ನಾನು ಕೇಳಿರಲಿಲ್ಲ. ಆದರೂ ಹೌದು ಎಂದು ತಲೆಯಾಡಿಸಿದೆ. ಹೀಗೆ ಧೈರ್ಯ ತೋರಿಸುವವರ ಮುಂದೆ ತಲೆಯಾಡಿಸಿ ನನಗೆ ಅಭ್ಯಾಸವಾಗಿದೆ.

ಬೆಂಚು

ಎರಡನೆಯ ದಿನ ನೋಡಲು ಹೋದವರು ನೋಡಿಸಿಕೊಳ್ಳುವವರಾದೆವು. ಅದಕ್ಕೆ ಕಾರಣ ಒಂದು ಬೆಂಚು.

ಆಸ್ಪತ್ರೆಯ ಪಡಸಾಲೆಯಲ್ಲಿ ಗೋಡೆಯುದ್ದಕ್ಕೂ ಮರದ ಬೆಂಚು ಹಾಕಿದ್ದರು. ಒಳ್ಳೆಯ ಮರ, ಕೆಟ್ಟ ಕೆಲಸ. ಮರಗೆಲಸದವರ ಮನೆಯವಳಾದ್ದರಿಂದ ನನಗೆ ಮೊದಲು ಕಂಡದ್ದು ಅದರ ಕೀಲುಗಳು. ಬಗ್ಗಿ ಕೈಯಾಡಿಸಿ ನೋಡುತ್ತಿದ್ದಾಗ, ಕೂರಲು ಜಾಗ ಹುಡುಕುತ್ತಿದ್ದೇನೆ ಎಂದುಕೊಂಡು ಒಳಕೋಣೆಯ ಬಾಗಿಲ ಕಡೆ ಕುಳಿತಿದ್ದವರೆಲ್ಲ ಒಂದಿಷ್ಟು ಸರಿದರು. ಜಾಗ ಮಾಡಿಕೊಟ್ಟ ಮೇಲೆ ಕೂರದಿದ್ದರೆ ಅವಮಾನ ಎಂದು ಕುಳಿತೆ. ನನ್ನ ಪಕ್ಕದಲ್ಲಿ ಚಿಕ್ಕತಾಯಮ್ಮನೂ ಕುಳಿತಳು.

ಆ ಬೆಂಚಿಗೆ ಒಂದು ನಡಿಗೆ ಇತ್ತು. ಬಾಗಿಲ ಹತ್ತಿರದ ತುದಿಯ ಹೆಂಗಸು ಎದ್ದು ಒಳಗೆ ಹೋದರೆ ಮಿಕ್ಕವರೆಲ್ಲ ಮಾತು ನಿಲ್ಲಿಸದೆಯೇ ಒಂದು ಸೊಂಟದಷ್ಟು ಆ ಕಡೆ ಜರುಗುತ್ತಾರೆ. ನಮ್ಮಲ್ಲಿ ಸಾಲು ಎಂದರೆ ಬೆನ್ನಿಗೆ ಎದೆ ಹಚ್ಚಿ ನಿಲ್ಲುವುದು, ಹಿಂದಿನವಳು ತಳ್ಳುವುದು, ಮುಂದಿನವಳು ಬೈಯುವುದು. ಇಲ್ಲಿ ಸಾಲು ಕುಳಿತೇ ಹರಿಯುತ್ತಿತ್ತು. ಮೂರು ಸಲ ಜರುಗಿದ ಮೇಲೆ ನನಗೆ ಅರ್ಥವಾಯಿತು. ಇದು ಕೂರುವ ಬೆಂಚಲ್ಲ, ಪರೀಕ್ಷೆಯ ಸಾಲು.

ಏಳಲು ಹೋದೆ. ಪಕ್ಕದವಳು ನನ್ನ ಮೊಣಕೈ ಹಿಡಿದು ಕೂರಿಸಿದಳು. ಅವಳಾಚೆಯವಳು ಏನೋ ಹೇಳಿದಳು, ಬೆಂಚೆಲ್ಲ ನಕ್ಕಿತು. ಮತ್ತೆ ಎದ್ದೆ, ಮತ್ತೆ ಕೂರಿಸಿದರು. ಎದುರಿಗಿದ್ದ ರೂತ್ ನಗು ತಡೆದುಕೊಂಡು ಹೇಳಿದರು, "ಹೆದರಿ ಓಡಿಹೋಗುವವರನ್ನು ಹಿಡಿದಿಟ್ಟುಕೊಳ್ಳಿ ಎಂದು ನಾನೇ ಇವರಿಗೆ ಹೇಳಿಕೊಟ್ಟಿದ್ದೇನೆ. ಮದುವೆ ರಾತ್ರಿ ಇಷ್ಟು ಹೆದರಿದ್ದಳೋ ಇಲ್ಲವೋ ಎಂದು ಅವಳು ಕೇಳುತ್ತಿದ್ದಾಳೆ."

"ಏನಂತೆ?" ಎಂದಳು ಚಿಕ್ಕತಾಯಮ್ಮ. ಹೇಳಿದೆ.

"ಸರ್ಯಾಗೇ ಕೇಳವ್ಳೆ. ಏನಂತ ಏಳ್ದೆ?"

ನಾನು ಮಾತು ತಪ್ಪಿಸಲು ರೂತ್ ಅವರನ್ನು ಒಂದು ದೊಡ್ಡ ಪ್ರಶ್ನೆ ಕೇಳಿದೆ. ಎಚ್‌ಐವಿ ಇರುವವರಿಗೆ ಬೇರೆ ಬೆಂಚು ಯಾಕಿಲ್ಲ, ಯಾರಿಗೆ ಇದೆ ಯಾರಿಗೆ ಇಲ್ಲ ಎಂದು ಹೇಗೆ ತಿಳಿಯುತ್ತದೆ?

"ಬೆಂಚು ಇದುವರೆಗೆ ಕೇಳಿಲ್ಲ" ಎಂದರು ರೂತ್.

ಅಷ್ಟರಲ್ಲಿ ನಾನು ತುದಿ ತಲುಪಿದ್ದೆ. ಬಾಗಿಲು ತೆರೆಯಿತು. ಮರ್ಸಿ ಎಂಬ ನರ್ಸು, ಪರೀಕ್ಷೆಗೆ ಬಂದಿದ್ದೀರಾ ಎಂದು ಕೇಳಿದರು. ಗಾಬರಿಯಲ್ಲಿ ನನ್ನ ಇಂಗ್ಲಿಷ್ ಎಲ್ಲ ಹಾರಿಹೋಗಿ "ಯೆಸ್, ಥ್ಯಾಂಕ್ಯೂ" ಒಂದೇ ಉಳಿದಿತ್ತು. ಅದನ್ನೇ ಹೇಳಿದೆ. ನಾವು ನೋಡಲು ಬಂದವರು ಎಂದು ಆಮೇಲೆ ತಿಳಿದು ಮರ್ಸಿ ನಕ್ಕರು. ನಕ್ಕ ಮೇಲೆ ನಗು ನಿಲ್ಲಿಸಿ, ಬೇಡವಾದರೆ ಬೇಡ, ಬೇಕಾದರೆ ನಿಜವಾಗಿಯೂ ಮಾಡುತ್ತೇವೆ, ಎಂದರು. ನನ್ನ ಹಿಂದಿನ ತಪಾಸಣೆಯಾಗಿ ಕೆಲವು ವರ್ಷವಾಗಿತ್ತು. ಆಗ ಏನೂ ಇರಲಿಲ್ಲ. ಮತ್ತೆ ಮಾಡಿಸುವ ಕಾಲ ಬಂದಿತ್ತು. ಈ ಸಲ ಯೋಚಿಸಿಯೇ ಯೆಸ್ ಎಂದೆ.

"ನೀನ್ ಮಾಡಿಸ್ಕಂಡ್ರೆ ನಾನೂವೆ" ಎಂದಳು ಚಿಕ್ಕತಾಯಮ್ಮ. "ನಂಗೇನಿರ್ತದೆ ಅದೂ ಇದೂ. ಊರಲ್ಲಿ ಏಳಕ್ಕಾದ್ರೂ ಆಯ್ತದೆ."

ಕೊಟ್ಟದ್ದು ಒಂದು ಉದ್ದನೆಯ ಕಡ್ಡಿ, ತುದಿಯಲ್ಲಿ ಮೆತ್ತನೆಯ ಬ್ರಷ್ಷು. ಪರದೆಯ ಹಿಂದೆ ಹೋಗಿ, ಒಳಗಿಟ್ಟು, ತಿರುಗಿಸಿ, ಶೀಶೆಗೆ ಹಾಕಿ ಕೊಡುವುದು. ಅಷ್ಟೇ ಕೆಲಸ. ಚಿಕ್ಕತಾಯಮ್ಮ ಸೀರೆ ಎತ್ತಿಕಟ್ಟಿ ಹೋದಳು, ಬಂದಳು. ನಾನು ಲಾಡಿಯ ಗಂಟು ಬಿಚ್ಚುವುದರಲ್ಲಿ ಬೆವೆತುಹೋದೆ. ಗಟ್ಟಿಯಾಗಿ ಕಟ್ಟಿಕೋ ಎಂದವಳ ಮಾತು ಕೇಳಿದ್ದರ ಫಲ. ಹೊರಗಿನಿಂದ ರೂತ್ ಮೂರು ಸಲ ಕರೆದು, ಕೊನೆಗೆ ಒಳಬಂದು, ಅಲ್ಲಿನ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಬಣ್ಣದ ಬಟ್ಟೆಯನ್ನು ನನಗೆ ಸುತ್ತಿ, ಗಂಟನ್ನು ಹಲ್ಲಿನಿಂದ ಬಿಡಿಸಿದರು. ಪರದೇಶದಲ್ಲಿ ನನ್ನ ಮಾನ ಕಾಪಾಡಿದ್ದು ಕೊನೆಗೂ ಸೀರೆಯಂಥದ್ದೇ ಒಂದು ಬಟ್ಟೆ.

ಒಳಗೆ

ಶೀಶೆಯನ್ನು ಅಲ್ಲೇ ಒಂದು ಯಂತ್ರದೊಳಗೆ ಇಡುತ್ತಾರೆ. ಗಂಟೆಯೊಂದರಲ್ಲಿ, ಒಂದು ಪೊಟ್ಟಣ ಕಡಲೆಕಾಯಿ ತಿಂದು ಮುಗಿಸುವಷ್ಟರಲ್ಲಿ ಫಲಿತಾಂಶ. ಮೊದಲು ನನ್ನನ್ನು ಕರೆದರು.

ಮರ್ಸಿ ಹೇಳಿದರು. ವೈರಸ್ಸು ಇದೆ. ನೋಡಬೇಕು.

ಮೇಜಿನ ಮೇಲೆ ಮಲಗಿದೆ. ಗರ್ಭಕೋಶದ ಬಾಯಿಗೆ ವಿನೆಗರ್ ಸವರಿ ನೋಡುತ್ತಾರೆ, ಕೆಟ್ಟ ಜಾಗ ಇದ್ದರೆ ಬೆಳ್ಳಗಾಗುತ್ತದೆ. ಇದು ನನಗೆ ಬಾಯಿಪಾಠವಾಗಿತ್ತು. ವಾಸನೆ ಮಾತ್ರ ಪಾಠದಲ್ಲಿರಲಿಲ್ಲ. ಕಣ್ಣು ಮುಚ್ಚಿದೆ. ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಎದುರಿನ ಗೋಬಿ ಮಂಚೂರಿ ಗಾಡಿ ಕಣ್ಣ ಮುಂದೆ ಬಂತು. ಜೀವನದ ಇಂಥ ಗಳಿಗೆಯಲ್ಲಿ ದೇವರು ನೆನಪಾಗಬೇಕು. ನನಗೆ ಈರುಳ್ಳಿ ಹೆಚ್ಚುವವನು ನೆನಪಾದ.

ಒಂದು ಬಿಳಿ ಮಚ್ಚೆ ಇತ್ತು. ಕ್ಯಾನ್ಸರ್ ಅಲ್ಲ, ಆಗಬಹುದಾದದ್ದು, ಈಗಲೇ ಸುಟ್ಟರೆ ಮುಗಿಯಿತು ಎಂದರು ಮರ್ಸಿ. ಕೈಯಲ್ಲಿ ಹಿಡಿಯುವ ಒಂದು ಉಪಕರಣ, ಅದರ ತುದಿ ಕಾಯುತ್ತದೆ. ಒತ್ತಿ ಹಿಡಿದರು. ನನ್ನ ಮಾವನವರು ಕಾದ ಕಬ್ಬಿಣದಿಂದ ಮರದಲ್ಲಿ ತೂತು ಸುಡುತ್ತಿದ್ದುದನ್ನು ನೋಡಿದ್ದೇನೆ. ಅಷ್ಟು ಹೊಗೆ ಇರಲಿಲ್ಲ. ಮುಟ್ಟಿನ ನೋವಿನಂಥ ಒಂದು ಹಿಡಿತ, ಆಮೇಲೆ ಬಿಟ್ಟಿತು. ಕೆಲವು ವಾರ ಗಂಡನ ಹತ್ತಿರ ಹೋಗಬಾರದು ಎಂದರು. ಈ ಪಥ್ಯವನ್ನು ನಾನು ಸಲೀಸಾಗಿ ಒಪ್ಪಿಕೊಂಡೆ. ಇಳಿದು ಲಾಡಿ ಕಟ್ಟಿಕೊಳ್ಳುತ್ತ, ಊರಿನಲ್ಲಿದ್ದರೆ ಇದಕ್ಕೆ ಎಷ್ಟು ಸಲ ಬಸ್ಸು ಹತ್ತಬೇಕಾಗಿತ್ತು, ಹತ್ತುತ್ತಿದ್ದೆನೇ ಎಂದು ಯೋಚಿಸಿದೆ.

ಆಮೇಲೆ ಚಿಕ್ಕತಾಯಮ್ಮನ ಸರದಿ. ಅವಳನ್ನೊಬ್ಬಳನ್ನೇ ಕರೆಯಬೇಕು ಎಂದರು ಮರ್ಸಿ. "ಇವ್ಳಿಲ್ದೆ ನಂಗೇನ್ ಅರ್ತಾಯ್ತದೆ, ಇರ್ಲಿ ಬುಡಿ" ಎಂದು ಅವಳೇ ನನ್ನ ಕೈ ಹಿಡಿದು ಕೂರಿಸಿಕೊಂಡಳು. ಪರೀಕ್ಷೆ ಮುಗಿಸಿ ಮರ್ಸಿ ಕೈ ತೊಳೆದು ಬಂದು ಎದುರು ಕುಳಿತರು. ಇವರಿಗೂ ವೈರಸ್ಸು ಕಂಡಿದೆ, ಮಚ್ಚೆ ಇಲ್ಲ, ಈಗ ಏನೂ ಮಾಡಬೇಕಾಗಿಲ್ಲ, ತಾನಾಗಿಯೇ ಹೋಗುವ ಸಂಭವ ಹೆಚ್ಚು, ಮತ್ತೆ ಪರೀಕ್ಷೆ ತಪ್ಪಿಸಬಾರದು. ಹೇಳಿ, ಎಂದರು ನನಗೆ.

"ತಾಯಮ್ಮ, ನಿಂಗೂ ಇದೆಯಂತೆ."

"ಏನೈತಂತೆ?"

"ಅದೇ. ಎಚ್‌ಪಿವಿ. ಮಚ್ಚೆ ಇಲ್ಲ. ತಾನಾಗೇ ಹೋಗಬಹುದಂತೆ."

ಅವಳು ನನ್ನ ಮುಖವನ್ನು ನೋಡಿದಳು. "ಸರ್ಯಾಗ್ ಕೇಳ್ಸ್ಕಂಡ್ಯಾ? ನಿನ್ ಇಂಗ್ಲೀಸು ನಂಗ್ ಗೊತ್ತು. ನೆನ್ನೆ ಬಿಸ್ನೀರ್ ಕೇಳಿ ಐಸ್ ತರ್ಸ್ದೆ."

"ಸರಿಯಾಗೇ ಕೇಳಿಸಿಕೊಂಡೆ."

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದಳು. "ಅಂಗಾರೆ ಕೇಳು ಆಯಮ್ಮನ್ನ. ಎರಡ್ ದಿನದಿಂದ ನಿನ್ ಟವೆಲ್ಲಲ್ಲಿ ಒರಸ್ಕತಾ ಇವ್ನಿ. ಅದ್ರಿಂದ ಬಂತಾ ಅಂತ ಕೇಳು. ಸೋಪೂ ಒಂದೇ, ಅದ್ನೂ ಏಳು."

ಏನಂತೆ, ಎಂದರು ಮರ್ಸಿ.

ನಾನು ದುಭಾಷಿ. ನನ್ನ ಟವೆಲಿನಿಂದ ಬಂತೇ ಎಂದು ಇವರು ಕೇಳುತ್ತಿದ್ದಾರೆ, ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಸೋಪಿನಿಂದಲೂ ಇರಬಹುದೇ, ಎಂದು ಸೇರಿಸಿದೆ. ಸೋಪನ್ನು ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ವಿರುದ್ಧದ ದೂರನ್ನು ಅಷ್ಟು ಅಚ್ಚುಕಟ್ಟಾಗಿ ದಾಖಲು ಮಾಡಿದವಳು ನಾನೇ.

ಮರ್ಸಿ ನನ್ನನ್ನು ಒಂದು ಸಲ, ಅವಳನ್ನು ಒಂದು ಸಲ ನೋಡಿ ನಿಧಾನವಾಗಿ ಹೇಳಿದರು. ಇಲ್ಲ. ಟವೆಲಿನಿಂದ ಅಲ್ಲ, ಸೋಪಿನಿಂದ ಅಲ್ಲ, ಇವರ ಎಚ್‌ಐವಿಯಿಂದ ಅಲ್ಲ. ಗಂಡಸಿನಿಂದ ಬರುವುದು. ಯಾವಾಗ ಬಂತೋ ಯಾರೂ ಹೇಳಲಾರರು. ಬಹಳ ವರ್ಷ ಅಡಗಿಯೂ ಇರುತ್ತದೆ.

ಇದನ್ನು ಶೀಳನೆರೆಯ ಒಬ್ಬ ಗೃಹಿಣಿಗೆ, ಅವಳ ಕಣ್ಣಿನ ಮುಂದೆಯೇ, ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಬಾಯಿ ತೆರೆದೆ. "ಟವೆಲಿನಿಂದ ಬರಲ್ವಂತೆ" ಎಂದೆ.

"ಮತ್ತೆ?"

ಉಳಿದದ್ದು ಬಾಯಿಂದ ಹೊರಡಲಿಲ್ಲ. "ಎಲ್ಲರಿಗೂ ಬರುತ್ತಂತೆ" ಎಂದೆ. ಅಷ್ಟು ಉದ್ದದ ಮಾತು ಇಷ್ಟು ಚಿಕ್ಕದಾಗಿ ಇಳಿದದ್ದನ್ನು ಮರ್ಸಿ ಗಮನಿಸಿದರು. ಚಿಕ್ಕತಾಯಮ್ಮನೂ ಗಮನಿಸಿದಳು. ಅವಳು ಮುಂದೆ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಎಚ್‌ಪಿವಿ ಹೇಗೆ ಬರುತ್ತದೆ ಎಂದು ಅವಳೇ ಮನೆಮನೆಗೆ ಹೋಗಿ ಹೇಳುತ್ತಿದ್ದಳಲ್ಲ.

ವಸತಿಗೃಹ, ಅದೇ ಸಂಜೆ

ಕೋಣೆಗೆ ಬಂದವಳೇ ಹೊಸ ಟವೆಲ್ ಕೇಳಿ ತರಿಸಿಕೊಂಡಳು. ಅದನ್ನು ಕೇಳಲು ನನ್ನ ಇಂಗ್ಲಿಷ್ ಬಳಸಲಿಲ್ಲ. ಕೈಸನ್ನೆ ಮಾಡಿದಳು, ತಕ್ಷಣ ತಂದುಕೊಟ್ಟರು. ಸೋಪಿನ ಇನ್ನೊಂದು ತುಂಡೂ ಬಂತು. ಅದನ್ನು ಬಚ್ಚಲಿನ ಕಿಟಕಿಯ ಮೇಲೆ, ನನ್ನದರಿಂದ ಸಾಧ್ಯವಾದಷ್ಟು ದೂರ ಇಟ್ಟಳು.

ನನಗೆ ಕೋಪ ಬಂದಿತ್ತು ಎಂದು ಬರೆಯಬೇಕು. ಆದರೆ ನಡೆದದ್ದು ಬೇರೆ. ನಾನು ಹಾಸಿಗೆಯ ಮೇಲೆ ಕುಳಿತು, ಆ ಟವೆಲನ್ನು ಎರಡು ದಿನದಲ್ಲಿ ಯಾರು ಮೊದಲು ಬಳಸಿದ್ದರು, ಒಣಗಿತ್ತೋ ಒದ್ದೆಯಿತ್ತೋ ಎಂದು ನೆನಪು ಮಾಡಿಕೊಳ್ಳುತ್ತಿದ್ದೆ. ಇಷ್ಟು ವರ್ಷ ಭಾಷಣ ಮಾಡಿದ ಬಾಯಿ ನನ್ನದು. ನನಗೆ ಎಚ್‌ಐವಿ ಎಂದು ತಿಳಿದ ಹೊಸದರಲ್ಲಿ ನಾನೂ ಹಲ್ಲು ಕೀಳಿಸಿಕೊಂಡದ್ದರಿಂದಲೇ ಬಂತು ಎಂದು ನಂಬಿಕೊಂಡಿದ್ದೆ. ಗಂಡ ಆಗ ಬದುಕಿದ್ದರು, ಅವರಿಗೆ ಊಟ ಬಡಿಸಬೇಕಾಗಿತ್ತು. ತಪ್ಪನ್ನು ಹಲ್ಲಿನ ಮೇಲೆ ಹಾಕಿದರೆ ಬಡಿಸಲು ಕೈ ಬರುತ್ತಿತ್ತು.

ಊರಿನಿಂದ ನಂಜೇಗೌಡರ ಫೋನು ಬಂತು. ಅಲ್ಲಿ ಆಗಲೇ ಕತ್ತಲು, ನಮ್ಮ ಕಿಟಕಿಯಲ್ಲಿ ಇನ್ನೂ ಬಿಸಿಲು.

"ಉಂಡ್ರಾ?" ಎಂದಳು. "ಎಮ್ಮೆಗೆ ಬೂಸ ಇಟ್ರಾ? ನೆನ್ಸಿಟ್ರಾ, ಒಣದೇ ಸುರುದ್ರಾ?" ಆ ಕಡೆಯ ದನಿ ನನಗೂ ಕೇಳುತ್ತಿತ್ತು. ಆಸ್ಪತ್ರೆ ಎಂಗೈತೆ, ನಮ್ಮ ಮಂಡ್ಯದಂ‌ಗೈತಾ, ಚಳಿ ಐತಾ, ಸ್ವೆಟರ್ ಆಕ್ಕಂಡ್ಯಾ ಎಂದು ಅವರು ಕೇಳುತ್ತಲೇ ಇದ್ದರು. ಒಳ್ಳೆಯ ದನಿ. ಅವಳು ಊಂ ಎಂದಳು, ಮತ್ತೆ ಊಂ ಎಂದಳು. ಬೇರೇನನ್ನೋ ಕೇಳಲು ಬಾಯಿ ತೆರೆದದ್ದನ್ನು ನಾನು ಕಂಡೆ. "ಗೇಟ್ ಆಕ್ಕಳಿ" ಎಂದು ಹೇಳಿ ಇಟ್ಟಳು.

ಆ ಮನುಷ್ಯನನ್ನು ಅನುಮಾನಿಸುವುದಕ್ಕಿಂತ ನನ್ನ ಟವೆಲನ್ನು ಅನುಮಾನಿಸುವುದು ಅವಳಿಗೆ ಎಷ್ಟು ಸುಲಭ ಎಂದು ನನಗೆ ಆಗ ತಿಳಿಯಿತು. ತಿಳಿದಮೇಲೂ ನೋಯುವುದು ನಿಲ್ಲಲಿಲ್ಲ.

ಅಡಿಸ್ ಅಬಾಬಾ, ವಿಮಾನ ಬದಲಿಸುವಾಗ

ಊರಿಗೆ ಮರಳುವ ಮೊದಲ ವಿಮಾನದಲ್ಲಿ ಅವಳು ಊಟ ಮುಟ್ಟಲಿಲ್ಲ. ನಾನು ಎರಡೂ ತಟ್ಟೆಯ ಬನ್ನು ತಿಂದೆ. ದುಃಖದಲ್ಲಿ ನನಗೆ ಹಸಿವು ಹೆಚ್ಚು. ನಿಲ್ದಾಣದಲ್ಲಿ ಕಾಯುತ್ತ ಕುಳಿತಾಗ ಅವಳ ಕಣ್ಣು ಎದುರಿನ ಗಾಜಿನಾಚೆ ನಿಂತಿದ್ದ ವಿಮಾನದ ಮೇಲಿತ್ತು.

"ಅಕ್ಕ, ಬಾಳ ವರ್ಸ ಒಳಗೇ ಕುಂತಿರ್ತದೆ ಅಂತಾಳಲ್ಲ ಆಯಮ್ಮ. ಅಂಗಂದ್ಲು ಅಲ್ವಾ? ಅದ್ನ ನೀನ್ ಏಳ್ಲೇ ಇಲ್ಲ."

ಅವಳಿಗೆ ಅಷ್ಟು ಇಂಗ್ಲಿಷ್ ಅರ್ಥವಾಗಿತ್ತು. "ಹೌದು, ಇರುತ್ತಂತೆ" ಎಂದೆ.

"ಮದ್ವೆಗ್ ಮುಂಚೇದೂ ಇರಬೌದಾ?"

"ಯಾರದು? ನಿಂದಾ?"

"ಲೇ, ನನ್ಗೆಲ್ಲಿಂದ ಬತ್ತದೆ. ಅವ್ರದು. ಮದ್ವೆಗ್ ಮುಂಚೆ ಲಾರಿ ಓಡುಸ್ತಿದ್ರು. ಹೊಸಪೇಟೆ ಕಡೀಕೆಲ್ಲ ಓಗರು."

"ಇರಬಹುದು" ಎಂದೆ. ಸುಳ್ಳಲ್ಲ. ಅದಕ್ಕಿಂತ ಹೆಚ್ಚು ನಿಜ ಗೊತ್ತಿರುವವರು ಯಾರೂ ಇಲ್ಲ.

"ಮುಂಚೇದಾದ್ರೆ ನಾ ಯಾಕ್ ತಲೆ ಕೆಡಿಸ್ಕಳ್ಳಿ" ಎಂದಳು. ತಲೆ ಕೆಡಿಸಿಕೊಂಡೇ ಕುಳಿತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, "ಟವೆಲ್ ವಿಸ್ಯ" ಎಂದಳು. "ನೀನ್ ಅದ್ನ ಅಂಗೇ ಆಯಮ್ಮುಂಗೆ ಏಳ್ಬುಟ್ಯಲ್ಲ. ಬೇರೆ ಏನಾರ ಏಳಬೌದಾಗಿತ್ತು."

"ಏನಂತ?"

"ಏನೋ ಒಂದ. ನಂಗ್ ನಾಚ್ಕೆ ಆಯ್ತು ಕಣಕ್ಕ."

ಎರಡನೆಯ ವಿಮಾನದಲ್ಲಿ ಅವಳು ಉಂಡಳು. ನನ್ನ ಬನ್ನನ್ನೂ ಕೇಳದೆ ತೆಗೆದುಕೊಂಡಳು.

ನಾಗಮಂಗಲ

ಬಂದ ಮರುವಾರ ನಾಗಮಂಗಲದ ಒಂದು ಸಮುದಾಯ ಭವನದಲ್ಲಿ ಹೆಂಗಸರ ಸಭೆ. ಸಂಘದವರು, ಸಂಘಕ್ಕೆ ಸೇರದವರು, ಆಶಾ ಕಾರ್ಯಕರ್ತೆಯರು ಕರೆತಂದವರು. ನಾವು ಕಂಡದ್ದನ್ನು ಹೇಳಬೇಕಿತ್ತು. ಹಿಂದಿನವರಿಗೆ ಕೇಳಿಸುವುದಿಲ್ಲ ಎಂದು ನಾನು ಹಟ ಮಾಡಿ ಮೈಕು ಹಾಕಿಸಿದ್ದೆ. ಮೈಕಿನವನು ಹೊರಗಿನ ಕಂಬಕ್ಕೂ ಒಂದು ಹಾರನ್ ಸ್ಪೀಕರು ಕಟ್ಟಿದ್ದ. ಚಿಕ್ಕತಾಯಮ್ಮನನ್ನು ಬೈಕಿನಲ್ಲಿ ಕರೆತಂದ ನಂಜೇಗೌಡರು ಹೊರಗೆ ಜಗುಲಿಯ ಮೆಟ್ಟಿಲ ಮೇಲೆ ಕುಳಿತಿದ್ದರು.

ನಾನು ಮೊದಲು ಮಾತಾಡಿದೆ. ಲುಸಾಕಾದ ರಸ್ತೆ, ಮರಗಳು, ಆಸ್ಪತ್ರೆಯ ಶಿಸ್ತು, ಯಂತ್ರದ ವಿಶೇಷ, ಎಲ್ಲವನ್ನೂ ಹೇಳಿದೆ. ನಮ್ಮ ಫಲಿತಾಂಶಗಳನ್ನು ಹೇಳಬಾರದು ಎಂದು ತೀರ್ಮಾನಿಸಿದ್ದೆ. ಅವಳ ಮರ್ಯಾದೆಗೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಮುಂದಿನ ಸಾಲಿನಲ್ಲಿ ಒಬ್ಬಾಕೆ ಆಗಲೇ ನಿದ್ದೆ ಹೋಗಿದ್ದಳು.

"ಅಕ್ಕ, ಕುಂತ್ಕೊ" ಎಂದು ಚಿಕ್ಕತಾಯಮ್ಮ ಎದ್ದು ಮೈಕು ಹಿಡಿದಳು.

"ನಾವಲ್ಲಿ ನೋಡ್ಕಂಡ್ ಬರ್ಲಿಲ್ಲ, ಮಾಡಿಸ್ಕಂಡೇ ಬಂದೋ. ಆ ವೈರಸ್ಸು ನಂಗೈತೆ. ಇವಳ್ದು ಇವಳು ಏಳ್ಕತಾಳೆ, ಇಲ್ಲ ಅಂದ್ರೆ ಬುಡ್ತಾಳೆ."

ಮುಂದಿನ ಸಾಲಿನವಳು ಎಚ್ಚರವಾದಳು. ನಾನು ಕುಳಿತಲ್ಲಿಂದಲೇ, ನನಗೂ ಇತ್ತು, ಮಚ್ಚೆಯೂ ಇತ್ತು, ಅಲ್ಲೇ ಸುಟ್ಟು ಕಳಿಸಿದರು ಎಂದೆ. ಅಷ್ಟು ಹೊತ್ತು ಭಾಷಣ ಮಾಡಿದವಳ ದನಿ ಆಗ ಕೀರಲಾಗಿತ್ತು.

ಹಿಂದಿನಿಂದ ಒಬ್ಬ ಹೆಂಗಸು ಕೇಳಿದಳು. "ತಾಯಮ್ಮ, ನಿಂಗೆ ಆ ಕಾಯ್ಲೆ ಇಲ್ವಲ್ಲ. ನಿಂಗೆಂಗ್ ಬಂತು? ಇವರ ಜತೆ ಓಡಾಡುದ್ಕಾ?"

ನಾನು ನೆಲ ನೋಡಿದೆ.

"ಇವಳ ಜತೆ ಓಡಾಡುದ್ರೆ ಬರದಾಗಿದ್ರೆ ನಾಕ್ ತಾಲ್ಲೂಕಿನ್ ಬಸ್ಸಿಗೆಲ್ಲ ಬರಬೇಕಾಗಿತ್ತು" ಎಂದಳು ಚಿಕ್ಕತಾಯಮ್ಮ. ನಗು ಎದ್ದಿತು. ಅದು ಇಳಿಯುವವರೆಗೂ ಅವಳು ಕಾದಳು. "ಮದ್ವೆ ಆಗಿವ್ನಿ ಅಂತ ಬಂತು. ನಿಮಗೂ ಅಂಗೇ ಬರದು. ಯಾವಾಗ್ ಬಂತು, ಎಲ್ಲಿಂದ ತಂದ್ರು ಅಂತ ಕೇಳ್ಕಂಡ್ ಕುಂತ್ರೆ ಉತ್ರ ಸಿಗಕಿಲ್ಲ. ನಾನ್ ಕೇಳ್ಕಂಡ್ ಕುಂತಿದ್ದೆ, ಉಂಡಿದ್ ಸೇರ್ಲಿಲ್ಲ. ನಿಮಗೈತಾ ಇಲ್ವಾ ಅಂತ ನೋಡ್ಸ್ಕಳಿ. ಅದುಕ್ ಉತ್ರ ಸಿಗ್ತದೆ."

ಅವಳ ದನಿ ಹಾರನ್ನಿನಿಂದ ಹೊರಗೆ ರಸ್ತೆಯವರೆಗೂ ಹೋಗುತ್ತಿತ್ತು. ಅದು ಎಲ್ಲರಿಗೂ ಒಟ್ಟಿಗೆ ಹೊಳೆದಿರಬೇಕು. ಭವನದ ಹೆಂಗಸರೆಲ್ಲ ಒಂದೇ ಸಲ ಬಾಗಿಲ ಕಡೆ ತಿರುಗಿದರು. ನಂಜೇಗೌಡರು ಮೆಟ್ಟಿಲಿನಿಂದ ಎದ್ದು ಬೈಕಿನ ಹತ್ತಿರ ಹೋಗಿ, ಸೀಟಿನ ಮೇಲಿನ ಧೂಳನ್ನು ಕೈಯಿಂದ ಒರೆಸುತ್ತಿದ್ದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು.

"ಅವ್ರನ್ ಯಾಕ್ ನೋಡ್ತೀರಿ" ಎಂದಳು ಚಿಕ್ಕತಾಯಮ್ಮ. "ನಿಮ್ ಮನೇಲಿಲ್ವಾ ಒಬ್ಬೊಬ್ರು?"

ಮಾದರಿ ತೆಗೆಯುವ ಆ ಕಡ್ಡಿ ನಮ್ಮ ಆಸ್ಪತ್ರೆಗೆ ಬರುವವರೆಗೆ ಮಂಡ್ಯಕ್ಕೆ ಹೋಗಿ ತೋರಿಸಿಕೊಳ್ಳುತ್ತೇವೆ ಎಂದು ಹೆಂಗಸರು ಗುಂಪು ಕಟ್ಟಿಕೊಂಡರು. ನನ್ನ ಭಾಷಣದಿಂದ ಅಲ್ಲ.

ಸಭೆ ಮುಗಿದ ಮೇಲೆ ಅವಳು ಹೊರಗೆ ಹೋದಳು. ಗಂಡ ಹೆಂಡತಿ ಮಾತಾಡಿದ್ದನ್ನು ನಾನು ಕಾಣಲಿಲ್ಲ. ಅವರು ಬೈಕು ಒದ್ದರು, ಅವಳು ಹಿಂದೆ ಒಂದು ಕಡೆಗೆ ಕಾಲು ಹಾಕಿ ಕುಳಿತಳು. ನಾವೆಲ್ಲ ಜಗುಲಿಯಲ್ಲಿ ನಿಂತು ನೋಡಿದೆವು. ನಮ್ಮ ಕಡೆ ಹೆಂಗಸರು ಹಾಗೆ ಕುಳಿತಾಗ ಗಂಡನ ಭುಜದ ಮೇಲೆ ಕೈ ಇಡುತ್ತಾರೆ. ಅವಳ ಕೈ ಹಿಂದಿನ ಕಬ್ಬಿಣದ ಕಂಬಿಯನ್ನು ಹಿಡಿದಿತ್ತು. ರಸ್ತೆಯ ಉಬ್ಬಿನಲ್ಲಿ ಬೈಕು ನಿಧಾನವಾಯಿತು. ಅವರು ಅರ್ಧ ತಿರುಗಿ ಏನೋ ಹೇಳಿದರು. ಅವಳೂ ಏನೋ ಹೇಳಿದಳು. ಆಮೇಲೆ ಅವಳ ಕೈ ಕಂಬಿಯನ್ನು ಬಿಟ್ಟದ್ದನ್ನು ಕಂಡೆ. ಸೆರಗು ಸರಿಮಾಡಿಕೊಳ್ಳಲು ಬಿಟ್ಟಳೋ, ಭುಜ ಹಿಡಿಯಲು ಬಿಟ್ಟಳೋ, ಅಷ್ಟರಲ್ಲಿ ಕಬ್ಬಿನ ಲಾರಿಯೊಂದು ಅಡ್ಡ ಬಂತು. ಅದು ದಾಟಿ ಹೋಗುವ ಹೊತ್ತಿಗೆ ಅವರು ಕೆ.ಆರ್. ಪೇಟೆ ರಸ್ತೆಗೆ ತಿರುಗಿಯಾಗಿತ್ತು.